ಸುತ್ತ ನಿಂತವರು ಬಾಯಿ ಬಿಟ್ಟರೆ ಕಾಟ ನಿಲ್ಲುತ್ತದೆ: ಜೆ.ಪಿ. ನಗರದ ಪೋಷಕರಿಗೆ ಕೆಲವು ಸೂತ್ರಗಳು

ಬೆಳಗ್ಗೆ ಏಳೂವರೆಗೆ ಸಾರಕ್ಕಿ ಸಿಗ್ನಲ್ ಹತ್ತಿರ ನಿಂತರೆ ಹತ್ತಾರು ಶಾಲೆಗಳ ಯೂನಿಫಾರ್ಮ್ ಕಣ್ಣಿಗೆ ಬೀಳುತ್ತದೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ನಾವು ತಿಂಗಳುಗಟ್ಟಲೆ ವಿಚಾರಿಸುತ್ತೇವೆ. ಫೀಸು ಎಷ್ಟು, ಸಿಲಬಸ್ ಯಾವುದು, ಹತ್ತನೇ ಕ್ಲಾಸಿನ ರಿಸಲ್ಟ್ ಹೇಗೆ, ಈಜುಕೊಳ ಇದೆಯೇ ಎಂದೆಲ್ಲ ಕೇಳುತ್ತೇವೆ. ಒಂದು ಮಗು ಇನ್ನೊಂದಕ್ಕೆ ಕಾಟ ಕೊಟ್ಟರೆ ನೀವೇನು ಮಾಡುತ್ತೀರಿ ಎಂದು ಅಡ್ಮಿಶನ್ ಕೌಂಟರಿನಲ್ಲಿ ಕೇಳುವವರು ಬಹಳ ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು. ಪ್ರಪಂಚದ ಶಾಲಾ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಒಂದೇ ತಿಂಗಳ ಅವಧಿಯಲ್ಲಿ ಸಹಪಾಠಿಗಳ ಕಾಟಕ್ಕೆ ಸಿಕ್ಕಿದ್ದಾರೆಂದು ಯುನೆಸ್ಕೊ 2019ರಲ್ಲಿ ವರದಿ ಕೊಟ್ಟಿತು. ನಮ್ಮ ಬಡಾವಣೆಯ ಮಕ್ಕಳು ಈ ಲೆಕ್ಕದಿಂದ ಹೊರಗಿದ್ದಾರೆಂದು ನಂಬಲು ಕಾರಣವೇ ಇಲ್ಲ.

ಕೆಳಗಿನ ಸೂತ್ರಗಳು ಮಾರ್ಕ್ಸ್ ಹೆಚ್ಚಿಸುವ ಸೂತ್ರಗಳಲ್ಲ. ಮಗು ಹೆದರದೆ ಶಾಲೆಗೆ ಹೋಗಿ ಬಂದರೆ ಅದೇ ಇಲ್ಲಿ ಯಶಸ್ಸು. ಓದು, ಬರಹ, ಮಾರ್ಕ್ಸ್ ಎಲ್ಲವೂ ಅದರ ಹಿಂದೆ ಬರುವಂಥವು.

1. ಕೀಟಲೆ ಯಾವುದು, ಕಾಟ ಯಾವುದು ತಿಳಿದುಕೊಳ್ಳಿ

ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ರೇಗಿಸಿ, ಮುನಿಸಿಕೊಂಡು, ಮರುದಿನ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದರೆ ಅದು ಕೀಟಲೆ. ಅದರಲ್ಲಿ ನೀವು ತಲೆ ಹಾಕಬೇಡಿ. ಕಾಟಕ್ಕೆ ಮೂರು ಲಕ್ಷಣಗಳಿವೆ. ನೋಯಿಸಬೇಕೆಂದೇ ಮಾಡುತ್ತಾರೆ, ಮತ್ತೆ ಮತ್ತೆ ಮಾಡುತ್ತಾರೆ, ನೊಂದ ಮಗುವಿಗೆ ತಿರುಗಿ ನಿಲ್ಲುವ ಬಲ ಇರುವುದಿಲ್ಲ. ಇದನ್ನು ಸ್ಪಷ್ಟವಾಗಿ ವಿಂಗಡಿಸಿಕೊಟ್ಟವರು ನಾರ್ವೆಯಲ್ಲಿ ಕೆಲಸ ಮಾಡಿದ ಮನಃಶಾಸ್ತ್ರಜ್ಞ ಡಾನ್ ಒಲ್ವೇಯಸ್. ಬಲ ಅಂದರೆ ತೋಳಿನ ಬಲವೇ ಆಗಬೇಕಿಲ್ಲ. ಐದು ಜನರ ಗುಂಪು, ಪಟಪಟನೆ ಬರುವ ಇಂಗ್ಲಿಷ್, ಅಪ್ಪನ ದೊಡ್ಡ ಕಾರು, ಟೀಚರ್‌ಗೆ ಅಚ್ಚುಮೆಚ್ಚು ಎಂಬ ಹೆಸರು ಎಲ್ಲವೂ ಬಲವೇ. ಹೊಡೆಯದೆ, ಬೈಯದೆ, ಒಂದು ಮಗುವಿನ ಜೊತೆ ಇಡೀ ಕ್ಲಾಸು ಮಾತು ಬಿಡುವುದೂ ಕಾಟವೇ. ಹುಡುಗಿಯರಲ್ಲಿ ಇದು ಹೆಚ್ಚು, ಹೊರಗಿನವರಿಗೆ ಕಾಣುವುದು ಕಡಿಮೆ.

2. "ದೊಡ್ಡವನಾದರೆ ಎಲ್ಲ ಸರಿಹೋಗುತ್ತೆ" ಎಂದು ಕೈಬಿಡಬೇಡಿ

1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಗಮನಿಸುತ್ತಾ ಬಂದರು. ಏಳು ಮತ್ತು ಹನ್ನೊಂದನೇ ವಯಸ್ಸಿನಲ್ಲಿ ಈ ಮಗು ಬೇರೆ ಮಕ್ಕಳ ಕಾಟಕ್ಕೆ ಸಿಕ್ಕಿದೆಯೇ ಎಂದು ತಂದೆತಾಯಿಯನ್ನು ಕೇಳಿದ್ದರು. 2014ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಪದೇ ಪದೇ ಕಾಟ ಅನುಭವಿಸಿದ್ದವರಲ್ಲಿ ಐವತ್ತನೇ ವಯಸ್ಸಿನಲ್ಲೂ ಖಿನ್ನತೆ, ಆತಂಕ ಹೆಚ್ಚು ಕಂಡುಬಂದಿತ್ತು, ಆರೋಗ್ಯ ಕುಗ್ಗಿತ್ತು, ಕೈಹಿಡಿಯುವ ಸ್ನೇಹಿತರೂ ಕಡಿಮೆ ಇದ್ದರು. ನಲವತ್ತು ವರ್ಷ ಕಳೆದರೂ ಆರದ ಗಾಯ ಇದು. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಎಂದಲ್ಲ. ಮನೆಯಲ್ಲಿ ನಂಬುವವರಿದ್ದು, ಶಾಲೆಯಲ್ಲಿ ಒಬ್ಬ ಗೆಳೆಯನಾದರೂ ಜೊತೆಗಿದ್ದರೆ ಎಷ್ಟೋ ಮಕ್ಕಳು ಇದನ್ನು ದಾಟಿ ಬರುತ್ತಾರೆ. ಆದರೆ ಕಾಲವೇ ವಾಸಿ ಮಾಡುತ್ತದೆಂದು ಸುಮ್ಮನೆ ಕೂರುವ ವಿಷಯವಲ್ಲ.

3. ಬ್ಯಾಗು, ಡಬ್ಬಿ, ಬಾತ್‌ರೂಮು ಗಮನಿಸಿ

ಕಾಟ ತಿನ್ನುತ್ತಿರುವ ಮಗು ಬಾಯಿಬಿಟ್ಟು ಹೇಳುವ ಮೊದಲೇ ಅದರ ವಸ್ತುಗಳು ಹೇಳುತ್ತವೆ. ಕಂಪಾಸ್ ಬಾಕ್ಸ್ ತಿಂಗಳಿಗೆ ಎರಡು ಸಲ ಕಳೆಯುತ್ತದೆ. ಡಬ್ಬಿ ಮುಟ್ಟದೆ ವಾಪಸ್ ಬರುತ್ತದೆ, ಇಲ್ಲವೇ ಪೂರ್ತಿ ಖಾಲಿಯಾಗಿದ್ದರೂ ಮಗು ಹಸಿದು ಬರುತ್ತದೆ. ಭಾನುವಾರ ಸಂಜೆ ಹೊಟ್ಟೆನೋವು ಶುರುವಾಗಿ ರಜೆಯ ದಿನ ಮಾಯವಾಗುತ್ತದೆ. ಮನೆಗೆ ಬಂದ ಕೂಡಲೇ ಶೂ ಬಿಚ್ಚದೆ ಬಾತ್‌ರೂಮಿಗೆ ಓಡುವ ಮಗುವನ್ನು ಸ್ವಲ್ಪ ವಿಚಾರಿಸಿ. ಶಾಲೆಯ ಟಾಯ್ಲೆಟ್ಟಿನಲ್ಲಿ ಟೀಚರ್ ಇರುವುದಿಲ್ಲ, ಕಾಟ ಕೊಡುವವರಿಗೆ ಅದು ಅನುಕೂಲದ ಜಾಗ. ಎಷ್ಟೋ ಮಕ್ಕಳು ಆ ಹೆದರಿಕೆಯಿಂದ ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದೆ ಕೂತಿರುತ್ತಾರೆ. ತುಂಬಿದ ನೀರಿನ ಬಾಟಲಿ ಹಾಗೇ ವಾಪಸ್ ಬಂದರೆ ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

4. ಮಗು ಹೇಳಿದಾಗ ಮೊದಲ ಹತ್ತು ನಿಮಿಷ ಸುಮ್ಮನೆ ಕೇಳಿ

"ಅಮ್ಮ, ನಾಳೆ ನಾನು ಸ್ಕೂಲಿಗೆ ಹೋಗಲ್ಲ."
"ಯಾಕೋ ಪುಟ್ಟ?"
"ಸುಮ್ನೆ."

ಇಲ್ಲಿಗೆ ಎರಡು ದಾರಿಗಳಿವೆ. "ಸುಮ್ನೆ ಅಂದ್ರೆ? ಟೆಸ್ಟ್ ಇದೆ ಅಂತ ತಾನೇ?" ಎಂದು ಕೇಳಿದರೆ ಬಾಗಿಲು ಮುಚ್ಚಿತು. ಒಲೆ ಆರಿಸಿ, ಮೊಬೈಲ್ ಮಗುಚಿ ಇಟ್ಟು, ಪಕ್ಕದಲ್ಲಿ ಕೂತು, "ಸರಿ, ಇವತ್ತು ಊಟದ ಹೊತ್ತಲ್ಲಿ ಯಾರ ಪಕ್ಕ ಕೂತಿದ್ದೆ?" ಎಂದು ಕೇಳಿ ನೋಡಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ. ಮಗು ಹೇಳುವಾಗ "ನೀನೇನು ಮಾಡಿದ್ದೆ ಮೊದಲು?" ಎನ್ನಬೇಡಿ. ಕೂಡಲೇ ಕಾರಿನ ಕೀ ಹುಡುಕುತ್ತಾ ಕೂಗಾಡಲೂಬೇಡಿ. ನಿಮ್ಮ ಸಿಟ್ಟು ನೋಡಿದ ಮಗು ಮುಂದಿನ ಸಲ ಹೇಳುವುದಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಏನು ಮಾಡೋಣ ಅಂತ ಇಬ್ಬರೂ ಸೇರಿ ಯೋಚಿಸೋಣ." ಮೊದಲ ರಾತ್ರಿಗೆ ಇಷ್ಟು ಮಾತು ಸಾಕು.

5. "ನೀನೂ ಎರಡು ಬಾರಿಸಿ ಬಾ" ಎಂದು ಕಳಿಸಬೇಡಿ

ಅದು ಸಾಧ್ಯವಿದ್ದಿದ್ದರೆ ಮಗು ಆಗಲೇ ಮಾಡುತ್ತಿತ್ತು. ಆಗಲಿಲ್ಲವೆಂಬ ನಾಚಿಕೆಯ ಮೇಲೆ ಅಪ್ಪನ ಕಣ್ಣಲ್ಲೂ ಸಣ್ಣವನಾದೆನೆಂಬ ನಾಚಿಕೆ ಸೇರಿಕೊಳ್ಳುತ್ತದೆ. ಹೊಡೆದೇಬಿಟ್ಟರೆ ಶಾಲೆಯವರ ಕಣ್ಣಿಗೆ ಬೀಳುವುದು ಆ ಕೊನೆಯ ಏಟು ಮಾತ್ರ, ಶಿಕ್ಷೆಯೂ ನಿಮ್ಮ ಮಗುವಿಗೇ. ಕಾಟ ತಿಂದೂ, ಕಾಟ ಕೊಟ್ಟೂ ಬೆಳೆದ ಮಕ್ಕಳ ಸ್ಥಿತಿಯೇ ಎಲ್ಲರಿಗಿಂತ ಕಷ್ಟದ್ದೆಂದು ಅಮೆರಿಕದಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನವೊಂದು 2013ರಲ್ಲಿ ತೋರಿಸಿತು.

6. ಸುತ್ತ ನಿಂತವರನ್ನು ತಯಾರು ಮಾಡಿ

ಒಂದೇ ಸೂತ್ರ ಪಾಲಿಸುವಷ್ಟು ಸಮಯವಿದ್ದರೆ ಇದನ್ನೇ ಪಾಲಿಸಿ ಎನ್ನುತ್ತೇನೆ.

ನಾವು ಯಾವಾಗಲೂ ಇಬ್ಬರನ್ನೇ ನೋಡುತ್ತೇವೆ: ಕಾಟ ಕೊಡುವವನು, ಕಾಟ ತಿನ್ನುವವನು. ಒಬ್ಬನಿಗೆ ಶಿಕ್ಷೆ, ಇನ್ನೊಬ್ಬನಿಗೆ ಕರಾಟೆ ಕ್ಲಾಸು. ಮೂರನೆಯವರನ್ನು ಯಾರೂ ಎಣಿಸುವುದಿಲ್ಲ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಾಲಿ 1990ರ ದಶಕದಲ್ಲಿ ಈ ಮೂರನೆಯವರನ್ನು ಹತ್ತಿರದಿಂದ ನೋಡಿದರು. ಕೆಲವರು ಕೈಜೋಡಿಸುತ್ತಾರೆ. ಕೆಲವರು ನಕ್ಕು ಹುರಿದುಂಬಿಸುತ್ತಾರೆ. ಬಹಳ ಮಂದಿ ಗೋಡೆ ನೋಡುತ್ತಾ ನಿಲ್ಲುತ್ತಾರೆ. ಕೆಲವರು ಮಾತ್ರ ನೊಂದವನ ಪಕ್ಕ ಬರುತ್ತಾರೆ. ಕಾಟ ಕೊಡುವವನಿಗೆ ಬೇಕಾದದ್ದು ಈ ಪ್ರೇಕ್ಷಕರೇ, ಅವರ ನಗುವೇ ಅವನ ಸಂಬಳ. ಈ ತಿಳಿವಳಿಕೆಯ ಮೇಲೆ ಕಟ್ಟಿದ 'ಕಿವಾ' ಕಾರ್ಯಕ್ರಮ 2009ರಿಂದ ಫಿನ್ಲೆಂಡಿನ ಶಾಲೆಗಳಲ್ಲಿ ದೇಶವ್ಯಾಪಿಯಾಗಿ ಜಾರಿಗೆ ಬಂತು.

ಕೆನಡಾದ ಸಂಶೋಧಕರು ಆಟದ ಮೈದಾನದಲ್ಲಿ ಕ್ಯಾಮೆರಾ ಇಟ್ಟು ಚಿತ್ರೀಕರಿಸಿ 2001ರಲ್ಲಿ ಪ್ರಕಟಿಸಿದ ಅಂಕಿಗಳು ಪ್ರತಿ ಶಾಲೆಯ ಸ್ಟಾಫ್ ರೂಮಿನಲ್ಲಿ ಇರಬೇಕಾದಂಥವು. ಕಾಟದ ನೂರು ಪ್ರಸಂಗಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ನಡುವೆ ಬಂದದ್ದು ನೂರರಲ್ಲಿ 19 ಸಲ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಅಂದರೆ ನೂರಕ್ಕೆ 57ರಷ್ಟು, ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತ್ತು. ಯಾವ ಸಿಸಿಟಿವಿಗೂ, ಯಾವ ನೋಟಿಸ್ ಬೋರ್ಡಿಗೂ ಈ ವೇಗ ಇಲ್ಲ.

ಆದ್ದರಿಂದ ನಿಮ್ಮ ಮಗುವಿಗೆ ಯಾರೂ ಕಾಟ ಕೊಡುತ್ತಿಲ್ಲ ಎಂದು ಈ ಪುಟ ಮಗುಚಬೇಡಿ. ನಿಮ್ಮ ಮಗು ನೋಡುತ್ತಾ ನಿಂತವರಲ್ಲಿ ಒಂದಾಗಿರಬಹುದು. ಅದಕ್ಕೆ ಮೂರು ಕೆಲಸ ಕಲಿಸಿ. ಒಂದು, ನಗಬೇಡ. ಇದಕ್ಕೆ ಧೈರ್ಯವೂ ಬೇಕಿಲ್ಲ. ಎರಡು, ನೊಂದವನನ್ನು ಅಲ್ಲಿಂದ ಕರೆದುಕೊಂಡು ಬಾ. "ಏಯ್, ಬಾರೋ, ಮಿಸ್ ಕರೀತಿದ್ದಾರೆ" ಅಂದರೆ ಸಾಕು. ಕಾಟ ಕೊಡುವವನ ಜೊತೆ ವಾದಿಸಬೇಡ, ಮೈಮುಟ್ಟಬೇಡ. ಒಬ್ಬನೇ ಹೋಗಲು ಭಯವಾದರೆ ಇಬ್ಬರು ಸೇರಿ ಹೋಗಿ. ಮೂರು, ದೊಡ್ಡವರಿಗೆ ಹೇಳು. ಒಬ್ಬನಿಗೆ ಶಿಕ್ಷೆ ಕೊಡಿಸಲು ಹೇಳುವುದು ಚಾಡಿ, ಒಬ್ಬನನ್ನು ನೋವಿನಿಂದ ಬಿಡಿಸಲು ಹೇಳುವುದು ಸಹಾಯ ಎಂದು ಬಿಡಿಸಿ ಹೇಳಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಹೊಡೆದಾಟ ಜೋರಾಗಿದ್ದರೆ ಮೊದಲ ಎರಡನ್ನೂ ಬಿಟ್ಟು ನೇರ ಟೀಚರ್ ಹತ್ತಿರ ಓಡಬೇಕು.

ಆ ಕ್ಷಣದಲ್ಲಿ ಏನೂ ಮಾಡಲಾಗದಿದ್ದರೂ ಆಮೇಲೆ ಮಾಡಬಹುದಾದದ್ದು ಒಂದಿದೆ. ಊಟದ ಹೊತ್ತಿಗೆ ಆ ಮಗುವಿನ ಪಕ್ಕ ಹೋಗಿ ಕೂರುವುದು. ಡಬ್ಬಿ ಮುಂದೆ ಚಾಚಿ "ತಗೋ, ನಮ್ಮಮ್ಮ ಪುಳಿಯೋಗರೆ ಕೊಟ್ಟಿದ್ದಾರೆ" ಎಂದರೆ, ಕ್ಲಾಸಿನಲ್ಲಿ ತನ್ನ ಪಾಲಿಗೆ ಯಾರೂ ಇಲ್ಲವೆಂದುಕೊಂಡಿದ್ದ ಹುಡುಗನಿಗೆ ಆ ದಿನದ ಲೆಕ್ಕವೇ ಬದಲಾಗುತ್ತದೆ.

7. ಮನೆಯಲ್ಲಿ ಆಡಿ ನೋಡಿ

ಮಾತನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಮೈಗೆ ರೂಢಿಯಾಗಬೇಕು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ ಕಟ್ಟಿದ ಫೋರಂ ಥಿಯೇಟರ್‌ನಲ್ಲಿ ನಾಟಕ ಬಿಕ್ಕಟ್ಟಿನ ಜಾಗಕ್ಕೆ ಬಂದಾಗ ಪ್ರೇಕ್ಷಕರಲ್ಲೊಬ್ಬರು ರಂಗಕ್ಕೆ ಏರಿ ಕಥೆಯನ್ನು ಬದಲಿಸುತ್ತಾರೆ. ಇದಕ್ಕಿಂತ ಒಪ್ಪುವ ಪಾಠ ಈ ವಿಷಯಕ್ಕೆ ಇನ್ನೊಂದಿಲ್ಲ. 2004ರಿಂದ ರಂಗಶಂಕರ ಇರುವ ಬಡಾವಣೆ ನಮ್ಮದು. ಅಲ್ಲಿ ಮಕ್ಕಳ ನಾಟಕಕ್ಕೆಂದೇ 'ಆಹಾ!' ಎಂಬ ಕಾರ್ಯಕ್ರಮ ನಡೆದುಬಂದಿದೆ, ನಾಟಕ ಕಲಿತ ಹುಡುಗ ಹುಡುಗಿಯರೂ ಸುತ್ತಮುತ್ತ ಸಿಗುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಕುಣಿಸಲು ಎರಡು ತಿಂಗಳು ತಾಲೀಮು ನಡೆಯುತ್ತದೆ. ಅದರಲ್ಲಿ ನಾಲ್ಕು ಪೀರಿಯಡ್ ಇದಕ್ಕೆ ಕೊಡಿ ಎಂದು ಪಿಟಿಎಂನಲ್ಲಿ ಕೇಳಿ. ಮನೆಯಲ್ಲಾದರೆ ಅಣ್ಣ ತಂಗಿ, ಒಂದು ಬ್ಯಾಗು, ಹತ್ತು ನಿಮಿಷ ಇದ್ದರೆ ಆಯಿತು.

8. ದೂರನ್ನು ಬರೆದು ಕೊಡಿ

ಗೇಟಿನಲ್ಲಿ ಟೀಚರ್ ಸಿಕ್ಕಾಗ "ಸ್ವಲ್ಪ ನೋಡ್ಕೊಳ್ಳಿ ಮಿಸ್" ಎಂದು ಹೇಳಿದ್ದು ಎಲ್ಲೂ ದಾಖಲಾಗುವುದಿಲ್ಲ. ಕ್ಲಾಸ್ ಟೀಚರ್‌ಗೆ ಬರೆಯಿರಿ, ಪ್ರಿನ್ಸಿಪಾಲರಿಗೆ ಪ್ರತಿ ಕಳಿಸಿ. ಪತ್ರ ಹೀಗಿದ್ದರೆ ಸಾಕು: "ಆರನೇ ತರಗತಿ ಬಿ ಸೆಕ್ಷನ್‌ನಲ್ಲಿರುವ ನನ್ನ ಮಗನ ಊಟದ ಡಬ್ಬಿಯನ್ನು ಇಬ್ಬರು ಸಹಪಾಠಿಗಳು ಜುಲೈ 4, 9 ಮತ್ತು 10ರಂದು ಕಿತ್ತು ಚೆಲ್ಲಿದ್ದಾರೆ. ಜಾಗ ಎರಡನೇ ಮಹಡಿಯ ವಾಷ್ ಬೇಸಿನ್ ಹತ್ತಿರ. ನೋಡಿದ ಮಕ್ಕಳಿದ್ದಾರೆ. ನೀವು ಕೈಗೊಳ್ಳುವ ಕ್ರಮವನ್ನು ಒಂದು ವಾರದೊಳಗೆ ಬರಹದಲ್ಲಿ ತಿಳಿಸಬೇಕಾಗಿ ಕೋರಿಕೆ." ದಿನಾಂಕ, ಜಾಗ, ಏನಾಯಿತು, ಏನು ಬೇಕು. ಬೈಗುಳ ಬೇಡ, "ನಾವು ಯಾರು ಗೊತ್ತಾ" ಬೇಡ.

ಕೇಳುವ ಹಕ್ಕು ನಿಮಗಿದೆ. ಸಿಬಿಎಸ್ಇ 2015ರ ಮಾರ್ಚ್‌ನಲ್ಲೇ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿ, ಕಾಟ ತಡೆಯುವ ಸಮಿತಿ ರಚಿಸಲು ಹೇಳಿದೆ. ವೈಸ್ ಪ್ರಿನ್ಸಿಪಾಲ್, ಹಿರಿಯ ಶಿಕ್ಷಕರು, ವೈದ್ಯರು, ಕೌನ್ಸೆಲರ್, ಪೋಷಕರ ಪ್ರತಿನಿಧಿ ಅದರಲ್ಲಿ ಇರಬೇಕು. ನಿಮ್ಮ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಎಂದಾಯಿತು ಎಂದು ಕೇಳಿ. ರಾಜ್ಯದ ಶಿಕ್ಷಣ ಕಾಯ್ದೆ 1983ರಲ್ಲಿ ರ‍್ಯಾಗಿಂಗ್‌ಗೆ ನಿಷೇಧವಿದೆ. ತಮಾಷೆಗೆ ಮಾಡಿದ್ದೆಂದು ಹೇಳಿ ತಪ್ಪಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ಕಾಟ ಕೊಡುವವರು ಶಿಕ್ಷಕರೇ ಆಗಿದ್ದರೆ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಇದೆ. ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ಅದು ನಿಷೇಧಿಸುತ್ತದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಎತ್ತಿ, ಅಲ್ಲಿ ಆಗದಿದ್ದರೆ ಬಿಇಒ ಕಚೇರಿಗೆ ಹೋಗಿ. ಯಾವ ಶಾಲೆಯೇ ಆಗಲಿ, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು.

9. ವ್ಯಾನ್ ಮರೆಯಬೇಡಿ

ಔಟರ್ ರಿಂಗ್ ರೋಡ್, ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್‌ನಲ್ಲಿ ಮಕ್ಕಳು ವ್ಯಾನಿನಲ್ಲಿ ಕಳೆಯುವ ಹೊತ್ತು ಕಡಿಮೆಯದಲ್ಲ. ಡ್ರೈವರ್ ಅಂಕಲ್ ಕಣ್ಣು ರಸ್ತೆಯ ಮೇಲೆ, ಹಿಂದಿನ ಸೀಟಿನಲ್ಲಿ ಒಂಬತ್ತನೇ ಕ್ಲಾಸಿನವರ ರಾಜ್ಯ. ಚಿಕ್ಕವರನ್ನು ಮುಂದೆ ಕೂರಿಸಬೇಕು, ಸೀಟು ನಿಗದಿಯಾಗಬೇಕು, ವ್ಯಾನಿನಲ್ಲಿ ಒಬ್ಬರು ಆಯಾ ಇರಬೇಕು. ಐದು ಮನೆಯವರು ಸೇರಿ ಕೇಳಿದರೆ ಇದೇನೂ ಆಗದ ಕೆಲಸವಲ್ಲ.

10. ಕಾಟ ಕೊಡುತ್ತಿರುವುದು ನಿಮ್ಮ ಮಗುವೇ ಆಗಿದ್ದರೆ

ಶಾಲೆಯಿಂದ ಫೋನ್ ಬಂದಾಗ "ನಮ್ಮ ಹುಡುಗ ಹಾಗಲ್ಲ" ಎಂಬ ಮಾತು ಬಾಯಿಗೆ ಬರುವುದು ಸಹಜ. ಅದನ್ನು ನುಂಗಿಕೊಂಡು ಪೂರ್ತಿ ಕೇಳಿ. ಬೆಲ್ಟ್ ತೆಗೆಯಬೇಡಿ. ಬಲವಿದ್ದವನು ಬಲವಿಲ್ಲದವನನ್ನು ಹೊಡೆಯಬಹುದೆಂಬ ಪಾಠವನ್ನೇ ಅದು ಇನ್ನಷ್ಟು ಗಟ್ಟಿ ಮಾಡುತ್ತದೆ. ಮಾಡಿದ್ದನ್ನು ಅದರ ಬಾಯಿಂದಲೇ ಹೇಳಿಸಿ. ಹಾಳು ಮಾಡಿದ ವಸ್ತುವನ್ನು ಅದರ ಪಾಕೆಟ್ ಮನಿಯಲ್ಲೇ ಕೊಡಿಸಿ. ಎಲ್ಲರೆದುರು ಕೈಕುಲುಕಿಸಿ ಕ್ಷಮೆ ಕೇಳಿಸುವ ನಾಟಕ ಬೇಡ, ನೊಂದ ಮಗುವಿಗೆ ಅದು ಇನ್ನೊಂದು ಶಿಕ್ಷೆ. ನೊಂದ ಮಗು ಒಪ್ಪಿದ ಮೇಲೆ, ಅದು ಒಪ್ಪಿದ ರೀತಿಯಲ್ಲಿ ಮಾತ್ರ ಕ್ಷಮೆ ಕೇಳಿಸಿ. ಮನೆಯಲ್ಲಿ ಯಾರು ಯಾರ ಮೇಲೆ ಕೂಗಾಡುತ್ತಾರೆ, ಮಗು ಯಾರನ್ನು ನೋಡಿ ಕಲಿಯಿತು ಎಂದು ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ. ಇಂಥ ಮಕ್ಕಳು ಕೆಟ್ಟವರೆಂದು ಹಣೆಪಟ್ಟಿ ಹಚ್ಚಿದರೆ ಅದಕ್ಕೆ ತಕ್ಕಂತೆಯೇ ಬೆಳೆಯುತ್ತಾರೆ.

11. ಊಟದ ಮೇಜಿನ ಮೇಲೆ ನಾವಾಡುವ ಮಾತು

ಡುಮ್ಮ, ಕರಿಯ, ಸೋಡಾಬುಡ್ಡಿ, ಹಳ್ಳಿ ಗುಗ್ಗು. ಈ ಹೆಸರುಗಳನ್ನು ಮಕ್ಕಳು ಕಂಡುಹಿಡಿದದ್ದಲ್ಲ. ಮದುವೆ ಮನೆಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ನೆಂಟರ ಬಗ್ಗೆ ಆಡಿಕೊಳ್ಳುವಾಗ ನಮ್ಮಿಂದ ಕೇಳಿದ್ದು. "ಅವರು ಯಾವ ಜನ?" ಎಂದು ಅಜ್ಜಿ ಕೇಳಿದ ಪ್ರಶ್ನೆ ಮರುದಿನ ಕ್ಲಾಸಿನಲ್ಲಿ ಇನ್ನೊಂದು ಮಗುವಿನ ಮುಂದೆ ಹೋಗಿ ನಿಲ್ಲುತ್ತದೆ.

ಶಾಲೆಯಲ್ಲಿ ಜಾತಿಯಿಂದಾದ ಅವಮಾನ ಎಷ್ಟು ಆಳಕ್ಕೆ ಇಳಿಯುತ್ತದೆಂದು ತಿಳಿಯಬೇಕಾದವರು ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ' ಓದಬೇಕು. 1994ರಲ್ಲಿ ಬಂದ ಪುಸ್ತಕ. ಅದು ಹಳೆಯ ಕಾಲದ ಹಳ್ಳಿಯ ಕಥೆ ಎನ್ನುವವರು 2012ರ ಜುಲೈ ನೆನಪಿಸಿಕೊಳ್ಳಿ. ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ, ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟಿನಲ್ಲಿ ಸೇರಿದ ಬಡ ಮಕ್ಕಳನ್ನು ಬೇರೆ ಗುರುತಿಸಲು ಅವರ ತಲೆಗೂದಲು ಕತ್ತರಿಸಲಾಗಿದೆ ಎಂಬ ದೂರು ದೇಶದಾದ್ಯಂತ ಸುದ್ದಿಯಾಯಿತು. ದೊಡ್ಡವರು ಯಾರನ್ನು ಬೇರೆ ಎಂದು ತೋರಿಸುತ್ತಾರೋ ಮಕ್ಕಳ ಕೈ ಅವರ ಮೇಲೇ ಏಳುತ್ತದೆ. ಬರ್ತ್‌ಡೇ ಪಾರ್ಟಿಗೆ ಕರೆಯುವಾಗ ಇಡೀ ಸೆಕ್ಷನ್ ಕರೆಯಲಾಗದಿದ್ದರೆ ನಾಲ್ಕೇ ಜನರನ್ನು ಕರೆಯಿರಿ. ಒಂದಿಬ್ಬರನ್ನು ಮಾತ್ರ ಬಿಟ್ಟು ಎಲ್ಲರನ್ನೂ ಕರೆಯುವುದು ಬೇಡ.

12. ಮೊಬೈಲ್‌ನಲ್ಲಿ ಕಾಟವಾದರೆ

ಅಳಿಸಬೇಡಿ, ಉತ್ತರಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಬ್ಲಾಕ್ ಮಾಡಿ, ಶಾಲೆಗೆ ಕೊಡಿ. ಶಿಕ್ಷೆ ಎಂದು ಮಗುವಿನ ಫೋನ್ ಕಿತ್ತುಕೊಂಡರೆ ಮುಂದೆ ಎಂಥದ್ದೇ ಬಂದರೂ ಅದು ನಿಮಗೆ ತೋರಿಸುವುದಿಲ್ಲ. ಇನ್ನು ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇನ್ನೊಂದು ಮಗುವಿನ ಹೆಸರು ಹಾಕಿ ನ್ಯಾಯ ಕೇಳುವುದೂ ಕಾಟವೇ. ಅಲ್ಲಿ ಇರುವವರು ಇನ್ನೂರು ಜನ ದೊಡ್ಡವರು, ಎದುರಿಗಿರುವುದು ಹತ್ತು ವರ್ಷದ ಮಗು.

13. ಸಹಾಯ ಕೇಳಲು ಹಿಂಜರಿಯಬೇಡಿ

ನಿದ್ದೆ ಬಾರದಿರುವುದು, ಹಾಸಿಗೆ ಒದ್ದೆಯಾಗುವುದು, ಊಟ ಬಿಡುವುದು ಎರಡು ವಾರ ದಾಟಿದರೆ ತಜ್ಞರನ್ನು ಕಾಣಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆಸ್ಪತ್ರೆ ಎಂದು ಮುಜುಗರಪಡುವವರಿಗೆ ಅದೇ ಸಂಸ್ಥೆಯ ಸೆಂಟರ್ ಫಾರ್ ವೆಲ್‌ಬೀಯಿಂಗ್ ಪಕ್ಕದ ಬಿಟಿಎಂ ಲೇಔಟಿನಲ್ಲಿದೆ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಕನ್ನಡದಲ್ಲಿ ಸಿಗುತ್ತದೆ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಮಗುವಿಗೇ ಬಾಯಿಪಾಠ ಇರಲಿ.

14. ಶಾಲೆಗೆ ಒಬ್ಬ ಆಪ್ತ ಸಮಾಲೋಚಕರು ಬೇಕೆಂದು ಕೇಳಿ

ಬಿಹಾರದ ನಳಂದಾ ಜಿಲ್ಲೆಯ ಹೈಸ್ಕೂಲುಗಳಲ್ಲಿ ನಡೆದ ಪ್ರಯೋಗವೊಂದು 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ಡಿಗ್ರಿ ಇಲ್ಲದ, ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರೊಬ್ಬರು ಶಾಲೆಯಲ್ಲೇ ಇದ್ದು, ಸಭೆ, ಗೋಡೆಪತ್ರಿಕೆ, ಮಕ್ಕಳು ಚೀಟಿ ಹಾಕುವ ಪೆಟ್ಟಿಗೆ, ಒಬ್ಬೊಬ್ಬರ ಜೊತೆ ಮಾತು ಇವೆಲ್ಲವನ್ನೂ ನಡೆಸಿದ ಕಡೆ ಕಾಟವೂ ಕಡಿಮೆಯಾಯಿತು, ಮಕ್ಕಳ ಖಿನ್ನತೆಯೂ ಇಳಿಯಿತು. ಅದೇ ಕೆಲಸವನ್ನು ಪಾಠ ಮಾಡುವ ಶಿಕ್ಷಕರ ಹೆಗಲಿಗೇ ಹೊರಿಸಿದ ಶಾಲೆಗಳಲ್ಲಿ ಆ ಫಲ ಸಿಗಲಿಲ್ಲ. ಪೋರ್ಷನ್, ಪರೀಕ್ಷೆ, ದಾಖಲೆಗಳ ನಡುವೆ ಇದನ್ನೂ ಅವರೇ ನೋಡಿಕೊಳ್ಳಲಿ ಎನ್ನುವುದು ಅವರಿಗೂ ಮಕ್ಕಳಿಗೂ ಮಾಡುವ ಅನ್ಯಾಯ ಎಂದು ನನಗನ್ನಿಸುತ್ತದೆ. ನಳಂದಾದ ಶಾಲೆಗಳಲ್ಲಿ ಆದದ್ದು ಜೆ.ಪಿ. ನಗರದ ಶಾಲೆಗಳಲ್ಲಿ ಆಗದೇ? ಮುಂದಿನ ಪಿಟಿಎಂಗೆ ಹೋಗುವಾಗ ಇದೊಂದು ಪ್ರಶ್ನೆ ಬರೆದುಕೊಂಡು ಹೋಗಿ.

15. ಕಾಟ ನಿಂತ ಮೇಲೂ ನೋಡುತ್ತಿರಿ

ಒಂದು ವಾರ ಶಾಂತವಾಗಿದ್ದರೆ ಮುಗಿಯಿತೆಂದು ಫೈಲು ಮುಚ್ಚಬೇಡಿ. ಕಾಟ ಜಾಗ ಬದಲಿಸುತ್ತದೆ. ಕ್ಲಾಸಿನಿಂದ ವ್ಯಾನಿಗೆ, ವ್ಯಾನಿನಿಂದ ಟ್ಯೂಷನ್ನಿಗೆ, ಅಲ್ಲಿಂದ ಮೊಬೈಲಿಗೆ. ತಿಂಗಳಿಗೊಮ್ಮೆ ಕ್ಲಾಸ್ ಟೀಚರ್‌ಗೆ ಎರಡು ಸಾಲು ಬರೆದು ವಿಚಾರಿಸಿ. ಸರಿಹೋಗಿದ್ದರೆ ಅವರಿಗೆ ಧನ್ಯವಾದವನ್ನೂ ಬರಹದಲ್ಲೇ ಹೇಳಿ. ಪಕ್ಕ ಬಂದು ಕೂತ ಆ ಇನ್ನೊಂದು ಮಗುವಿನ ಮನೆಗೂ ಫೋನ್ ಮಾಡಿ, "ನಿಮ್ಮ ಮಗಳು ನಮ್ಮವಳ ಜೊತೆ ನಿಂತಳು" ಎಂದು ಆ ತಾಯಿಗೆ ತಿಳಿಸಿ. ಏಪ್ರಿಲ್‌ನಲ್ಲಿ ಮುಂದಿನ ವರ್ಷದ ಸೆಕ್ಷನ್ ಹಂಚುವ ಮೊದಲು ಶಾಲೆಗೆ ಒಂದು ಪತ್ರ ಕೊಡಿ. ಕಾಟ ಕೊಟ್ಟವರು ಮತ್ತು ನೊಂದ ಮಗು ಬೇರೆ ಬೇರೆ ಸೆಕ್ಷನ್‌ನಲ್ಲಿರಲಿ, ನೊಂದ ಮಗು ಮತ್ತು ಅದರ ಜೊತೆ ನಿಂತ ಗೆಳತಿ ಒಂದೇ ಸೆಕ್ಷನ್‌ನಲ್ಲಿರಲಿ ಎಂದು ಕೇಳಿ.